ಮೂಲವಸ್ತುಗಳು ಮತ್ತು ತೆಂಗಿನ ತೋಟ



ಈ ದಿನ ನಾನು ತಮ್ಮೊಡನೆ ಮಾತನಾಡಬೇಕೆಂದಿರುವ ವಿಷಯಕ್ಕೆ ರಸಾಯನ ಶಾಸ್ತ್ರದಲ್ಲಿ ‘ಮೂಲವಸ್ತು’ ಎಂದು ಹೆಸರು. ಮಕ್ಕಳ ಶಾಲೆಯ ಪುಸ್ತಕದಲ್ಲಿ ‘ಧಾತು’ ಎಂದು ಬರೆದಿರುತ್ತದೆ. ಹೆಸರು ಕೇಳಿದ ಕೂಡಲೆ, “ಇದು ಓದೋ ಹುಡುಗರ ಪಾಠ, ನಮಗ್ಯಾಕಪ್ಪಾ” ಎಂದು ಎದ್ದು ಹೋಗಬೇಡಿ. ಈ ಪಾಠ ಶುರುವಾಗುವುದೇ ತಮ್ಮ ಬಚ್ಚಲ ಒಲೆಯಿಂದ.

ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಯ ಮನೆ ಎಂದರೆ ಅಟ್ಟದ ತುಂಬ ಕಾಯಿ. ತಿಂಗಳುಗಟ್ಟಲೆ ಅಟ್ಟದ ಮೇಲೆ ಕೂತು, ಒಳಗಿನ ನೀರು ಇಂಗಿ, ಗಿಟುಕು ಚಿಪ್ಪು ಬಿಟ್ಟು, ಅಲುಗಾಡಿಸಿದರೆ ಕಟಕಟ ಎನ್ನುವ ಉಂಡೆ ಕೊಬ್ಬರಿಯಾಗುತ್ತದೆ. ಸುಲಿಸಿ, ಒಡೆಸಿ, ಕೊಬ್ಬರಿಯನ್ನು ಮಾರುಕಟ್ಟೆಗೆ ಕಳಿಸುತ್ತೀರಿ. ಮನೆಯಲ್ಲಿ ಉಳಿಯುವುದು ಸಿಪ್ಪೆ, ಚಿಪ್ಪು, ಒಣಗಿದ ಸೋಗೆ. ಅದರಲ್ಲಿ ಒಂದಿಷ್ಟು ಹಂಡೆಯ ಕೆಳಗೆ ಉರಿದು ಬೂದಿಯಾಗುತ್ತದೆ. ಆ ಬೂದಿಯನ್ನು ಏನು ಮಾಡುತ್ತೀರಿ? ಪಾತ್ರೆ ತಿಕ್ಕಲು ಒಂದು ಹಿಡಿ. ಉಳಿದದ್ದು ಮನೆಯ ಮಗ್ಗುಲಲ್ಲಿ ಮಳೆಗೆ ನೆನೆಯುತ್ತಾ ಬಿದ್ದಿರುತ್ತದೆ. ಹೀಗೆ ನೆನೆಯುವ ಬೂದಿಯಿಂದ ತಮ್ಮ ತೋಟದ ಆಸ್ತಿ ಹರಿದು ಹೋಗುತ್ತಿದೆ ಎಂದರೆ ನಂಬುತ್ತೀರಾ? ನಂಬುವ ಮೊದಲು ಮೂಲವಸ್ತು ಎಂದರೇನು ಎಂಬುದನ್ನು ತಿಳಿಯಬೇಕು.

ಮನೆಯಲ್ಲಿರುವ ಹಿತ್ತಾಳೆ ಚೊಂಬನ್ನು ನೋಡಿ. ಹಿತ್ತಾಳೆ ಒಂದೇ ವಸ್ತುವಲ್ಲ; ತಾಮ್ರ ಮತ್ತು ಸತು ಎರಡನ್ನೂ ಕರಗಿಸಿ ಬೆರೆಸಿದ್ದು. ಅದರಿಂದ ತಾಮ್ರವನ್ನೂ ಸತುವನ್ನೂ ಬೇರೆ ಬೇರೆಯಾಗಿ ತೆಗೆಯಬಹುದು. ಆದುದರಿಂದ ಹಿತ್ತಾಳೆ ಮೂಲವಸ್ತುವಲ್ಲ. ಈಗ ಪಕ್ಕದಲ್ಲಿರುವ ತಾಮ್ರದ ಹಂಡೆಯನ್ನು ನೋಡಿ. ಅದನ್ನು ಕರಗಿಸಿ, ಕುಟ್ಟಿ, ಅರೆದು ಪುಡಿ ಮಾಡಿ, ಆಮ್ಲದಲ್ಲಿ ಹಾಕಿ. ಏನು ಮಾಡಿದರೂ ತಾಮ್ರದ ಒಳಗಿನಿಂದ ತಾಮ್ರವೇ ಬರುತ್ತದೆ ಹೊರತು ಅದಕ್ಕಿಂತ ಸರಳವಾದ ಬೇರೆ ವಸ್ತು ಬರುವುದಿಲ್ಲ. ಆದುದರಿಂದ ತಾಮ್ರ ಮೂಲವಸ್ತು. ಚಿನ್ನವೂ ಹಾಗೆಯೇ. ಅಜ್ಜಿಯ ಅಡ್ಡಿಕೆ ಮಗಳ ಕೈಗೆ ಬಂದು ಬಳೆಯಾಯಿತು, ಮೊಮ್ಮಗಳಿಗೆ ಓಲೆಯಾಯಿತು. ಮೂರು ಸಲ ಅಕ್ಕಸಾಲಿಯ ಕುಲುಮೆಗೆ ಹೋಯಿತು. ಆಕಾರ ಮೂರಾಯಿತು, ಚಿನ್ನ ಮಾತ್ರ ಅದೇ. ಕೋಲಾರದ ಗಣಿಯಲ್ಲಿ 2001ರವರೆಗೆ ಬಂಡೆ ಒಡೆದು ಚಿನ್ನ ತೆಗೆದರು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇಂದಿಗೂ ತೆಗೆಯುತ್ತಾರೆ. ಅವರು ಯಾರೂ ಚಿನ್ನವನ್ನು ಮಾಡಿದವರಲ್ಲ. ಬಂಡೆಯಲ್ಲಿ ಇದ್ದದ್ದನ್ನು ಬೇರ್ಪಡಿಸಿದವರು, ಅಷ್ಟೇ.

ಹಾಗಾದರೆ ನೀರು? ನೀರು ನಮ್ಮ ಹಿರಿಯರು ಹೇಳಿದ ಪಂಚಭೂತಗಳಲ್ಲಿ ಒಂದು. ಹಿರಿಯರ ಆ ವಿಂಗಡಣೆ ಬೇರೆ ಬಗೆಯದು, ಅದಕ್ಕೆ ಅದರದೇ ಆದ ಅರ್ಥವಿದೆ. ಅದರೊಡನೆ ನನಗೆ ತಕರಾರಿಲ್ಲ. ಆದರೆ ರಸಾಯನ ಶಾಸ್ತ್ರದ ತಕ್ಕಡಿಯಲ್ಲಿ ನೀರು ಮೂಲವಸ್ತುವಲ್ಲ. ನೀರಿನೊಳಗೆ ವಿದ್ಯುತ್ ಹರಿಸಿದರೆ ಅದು ಎರಡು ವಾಯುಗಳಾಗಿ ಒಡೆಯುತ್ತದೆ: ಜಲಜನಕ, ಆಮ್ಲಜನಕ. ಈ ಎರಡನ್ನು ಇನ್ನು ಮುಂದೆ ಹಾಗೆ ಒಡೆಯಲು ಬರುವುದಿಲ್ಲ. ಅವು ಮೂಲವಸ್ತುಗಳು.

ಈ ಪರೀಕ್ಷೆಯನ್ನು ಶಾಸ್ತ್ರಕ್ಕೆ ತಂದವರಲ್ಲಿ ಮುಖ್ಯನಾದವನು ಫ್ರಾನ್ಸ್ ದೇಶದ ಲವಾಸಿಯೆ ಎಂಬ ವಿದ್ವಾಂಸ. ನಾವು ಯಾವ ಉಪಾಯದಿಂದಲೂ ಮತ್ತೆ ಒಡೆಯಲಾರದ ವಸ್ತುವನ್ನು ಮೂಲವಸ್ತು ಎಂದು ಕರೆಯೋಣ ಎಂಬುದು ಅವನ ಮಾತಿನ ಸಾರ. 1789ರಲ್ಲಿ ಅವನು 33 ಹೆಸರುಗಳ ಒಂದು ಪಟ್ಟಿಯನ್ನು ಅಚ್ಚು ಹಾಕಿಸಿದ. ಆ ಪಟ್ಟಿಯಲ್ಲಿ ಸುಣ್ಣವೂ ಸೇರಿತ್ತು. ಹೌದು, ನಾವು ಎಲೆ ಅಡಿಕೆಗೆ ಹಚ್ಚುವ, ಗೋಡೆಗೆ ಬಳಿಯುವ ಸುಣ್ಣ.

ಸುಣ್ಣದ ವಿಷಯ ಈ ಸೀಮೆಯವರಿಗೆ ಹೇಳಿಕೊಡಬೇಕಾದ್ದಿಲ್ಲ. ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದಲ್ಲೇ ಸಿಮೆಂಟು ಕಾರ್ಖಾನೆ ಇದೆ. ಸಿಮೆಂಟಿಗೆ ಮೊದಲು ಬೇಕಾದ ಸರಕೇ ಸುಣ್ಣದ ಕಲ್ಲು. 100 ಕಿಲೋ ಶುದ್ಧವಾದ ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟರೆ 44 ಕಿಲೋ ಇಂಗಾಲಾಮ್ಲ ವಾಯು ಗಾಳಿಗೆ ಹೋಗಿ, 56 ಕಿಲೋ ಸುಟ್ಟ ಸುಣ್ಣ ಉಳಿಯುತ್ತದೆ. ಆ ಸುಟ್ಟ ಸುಣ್ಣವನ್ನು ಇನ್ನೆಷ್ಟು ಕಾಯಿಸಿದರೂ ಅದು ಒಡೆಯದು. ಅದಕ್ಕೇ ಲವಾಸಿಯೆ ಅದನ್ನು ಮೂಲವಸ್ತು ಎಂದು ಬರೆದುಕೊಂಡ. ಆದರೆ ಮುಂದೆ ಒಡೆಯುವ ಉಪಾಯ ಸಿಗಬಹುದು ಎಂಬ ಅನುಮಾನ ಅವನಿಗೂ ಇತ್ತು. ಅವನ ಅನುಮಾನ ಸರಿಯಾಗಿತ್ತು.

ಅದನ್ನು ಒಡೆದದ್ದು ಇಂಗ್ಲೆಂಡಿನ ಡೇವಿ. ಮೊದಲು ಅವನು ಕೈಗೆ ತೆಗೆದುಕೊಂಡದ್ದು ಸುಣ್ಣವನ್ನಲ್ಲ, ಬೂದಿಯ ಸಾರವನ್ನು. ಆ ಕಾಲದಲ್ಲಿ ಯೂರೋಪಿನವರು ಮರದ ಬೂದಿಯನ್ನು ನೀರಿನಲ್ಲಿ ಕಲಸಿ, ತಿಳಿಯನ್ನು ಬಸಿದು, ದೊಡ್ಡ ಮಡಕೆಗಳಲ್ಲಿ ಕಾಯಿಸುತ್ತಿದ್ದರು. ನೀರು ಇಂಗಿದ ಮೇಲೆ ತಳದಲ್ಲಿ ಬಿಳಿಯ ಉಪ್ಪು ನಿಲ್ಲುತ್ತಿತ್ತು. ಅದನ್ನು ಸಾಬೂನಿಗೆ, ಗಾಜಿಗೆ ಬಳಸುತ್ತಿದ್ದರು. ಮಡಕೆಗೆ ಅವರ ಮಾತಿನಲ್ಲಿ ‘ಪಾಟ್’, ಬೂದಿಗೆ ‘ಆಷ್’. ಎರಡೂ ಸೇರಿ ‘ಪೊಟ್ಯಾಷ್’. ಈಗ ಗೊಬ್ಬರದ ಅಂಗಡಿಯಲ್ಲಿ ತಾವು ಕೇಳುವ ಪೊಟ್ಯಾಷ್ ಎಂಬ ಹೆಸರು ಹುಟ್ಟಿದ್ದು ಹೀಗೆ; ಮಡಕೆ ಬೂದಿ ಎಂದು ಅದರ ಅರ್ಥ!

1807ರಲ್ಲಿ ಡೇವಿ ಈ ಬೂದಿಯ ಸಾರದಿಂದ ಮಾಡಿದ ಕ್ಷಾರವನ್ನು ಕರಗಿಸಿ, ಅದರೊಳಗೆ ಬಲವಾದ ವಿದ್ಯುತ್ ಹರಿಸಿದ. ಬೆಳ್ಳಿಯಂತೆ ಹೊಳೆಯುವ ಸಣ್ಣ ಸಣ್ಣ ಗುಂಡುಗಳು ಹೊರಬಂದವು. ನೀರಿಗೆ ಹಾಕಿದರೆ ತೇಲಿ, ನೇರಳೆ ಬಣ್ಣದ ಉರಿ ಕಾರುತ್ತಾ ಓಡಾಡಿದವು. ಅದುವರೆಗೂ ಮನುಷ್ಯ ಕಣ್ಣಿನಿಂದ ಕಾಣದಿದ್ದ ಒಂದು ಲೋಹ ಅದು. ಅದಕ್ಕೆ ಪೊಟ್ಯಾಷಿಯಂ ಎಂದು ಹೆಸರಿಟ್ಟ. ಮರುವರ್ಷ, 1808ರಲ್ಲಿ, ಸುಣ್ಣದೊಳಗಿನ ಲೋಹವನ್ನೂ ಬೇರ್ಪಡಿಸಿದ. ಅದು ಕ್ಯಾಲ್ಸಿಯಂ. ಸುಣ್ಣ ಎಂದರೆ ಕ್ಯಾಲ್ಸಿಯಂ ಮತ್ತು ಆಮ್ಲಜನಕ ಎರಡೂ ಕೂಡಿದ ವಸ್ತು ಎಂಬುದು ಆಗ ಗೊತ್ತಾಯಿತು. ಪಟ್ಟಿಯಿಂದ ಸುಣ್ಣ ಹೋಯಿತು, ಕ್ಯಾಲ್ಸಿಯಂ ಬಂದಿತು.

ಇಲ್ಲಿ ಒಂದು ತೊಡಕು ತಮಗೂ ಹೊಳೆದಿರಬೇಕು. “ಒಡೆಯಲಾರದ್ದು ಮೂಲವಸ್ತು ಅಂತೀರಿ. ಇವತ್ತು ಒಡೆಯದ್ದು ನಾಳೆ ಒಡೆದರೆ?” ಎಂದು ಯಾರಾದರೂ ಕೇಳಿದರೆ ನ್ಯಾಯವಾದ ಪ್ರಶ್ನೆಯೇ. ಒಡೆಯುವವನ ಶಕ್ತಿಯನ್ನು ನೋಡಿ ಹೇಳುವ ಲಕ್ಷಣಕ್ಕಿಂತ, ವಸ್ತುವಿನ ಒಳಗೇ ಇರುವ ಗುರುತು ಬೇಕು. ಆ ಗುರುತನ್ನು 1913ರಲ್ಲಿ ಮೋಸ್ಲಿ ಎಂಬ ಇಂಗ್ಲಿಷ್ ತರುಣ ಎಕ್ಸ್ ಕಿರಣಗಳ ಸಹಾಯದಿಂದ ತೋರಿಸಿಕೊಟ್ಟ.

ಅದು ಹೀಗೆ. ಯಾವ ವಸ್ತುವೇ ಆಗಲಿ ಪರಮಾಣುಗಳಿಂದ ಆಗಿದೆ. ತೆಂಗಿನಕಾಯಿಯ ನಡುವೆ ಗಿಟುಕಿದ್ದಂತೆ ಪ್ರತಿ ಪರಮಾಣುವಿನ ನಡುವೆ ಒಂದು ಬೀಜವಿದೆ, ಆದರೆ ಬಹಳ ಬಹಳ ಚಿಕ್ಕದು. ಆ ಬೀಜದಲ್ಲಿ ಪ್ರೋಟಾನ್ ಎಂಬ ಕಣಗಳಿವೆ. ಅವುಗಳ ಲೆಕ್ಕವೇ ಮೂಲವಸ್ತುವಿನ ಗುರುತು. 1 ಪ್ರೋಟಾನ್ ಇದ್ದರೆ ಜಲಜನಕ. 6 ಇದ್ದರೆ ಇಂಗಾಲ. 7 ಸಾರಜನಕ, 8 ಆಮ್ಲಜನಕ, 15 ರಂಜಕ, 19 ಪೊಟ್ಯಾಷಿಯಂ, 20 ಕ್ಯಾಲ್ಸಿಯಂ, 26 ಕಬ್ಬಿಣ, 79 ಚಿನ್ನ. ಬೀಜದೊಳಗೆ ನ್ಯೂಟ್ರಾನ್ ಎಂಬ ಬೇರೆ ಕಣಗಳೂ ಇವೆ. ಅವು ಒಂದೆರಡು ಹೆಚ್ಚು ಕಮ್ಮಿಯಾದರೆ ಪರಮಾಣುವಿನ ತೂಕ ಬದಲಾಗುತ್ತದೆ, ಹೆಸರು ಬದಲಾಗುವುದಿಲ್ಲ. ಪ್ರೋಟಾನ್ ಒಂದು ಬದಲಾದರೆ ವಸ್ತುವೇ ಬೇರೆ.

ಆದುದರಿಂದ ಇಂದಿನ ಶಾಸ್ತ್ರದ ಮಾತು ಇಷ್ಟು: ಬೀಜದಲ್ಲಿ ಒಂದೇ ಲೆಕ್ಕದ ಪ್ರೋಟಾನ್ ಇರುವ ಪರಮಾಣುಗಳೆಲ್ಲ ಸೇರಿ ಒಂದು ಮೂಲವಸ್ತು. ಇಂಥವು ಇದುವರೆಗೆ 118 ಗೊತ್ತಾಗಿವೆ. ಕೊನೆಯ ನಾಲ್ಕಕ್ಕೆ ಹೆಸರು ನಿಶ್ಚಯವಾದದ್ದು 2016ರಲ್ಲಿ. ಕೊನೆಯ ಸಾಲಿನವು ವಿಜ್ಞಾನಿಗಳು ಯಂತ್ರಗಳಲ್ಲಿ ಕ್ಷಣಕಾಲ ಉಂಟುಮಾಡಿದವು; ಅವುಗಳಿಂದ ತೋಟಕ್ಕೆ ಕೆಲಸವಿಲ್ಲ.

ಪಾದರಸದಲ್ಲಿ 80 ಪ್ರೋಟಾನ್, ಚಿನ್ನದಲ್ಲಿ 79. ಒಂದೇ ಒಂದರ ವ್ಯತ್ಯಾಸ. ಹಿಂದಿನಿಂದಲೂ ಪಾದರಸವನ್ನು ಚಿನ್ನ ಮಾಡಿಕೊಡುತ್ತೇನೆಂದು ಊರೂರು ತಿರುಗಿದವರಿದ್ದಾರೆ, ನಂಬಿ ಮನೆ ಕಳೆದುಕೊಂಡವರೂ ಇದ್ದಾರೆ. ಆ ಒಂದು ಪ್ರೋಟಾನನ್ನು ಒಲೆಯ ಉರಿಯಾಗಲಿ, ಕಷಾಯವಾಗಲಿ, ಆಮ್ಲವಾಗಲಿ ತೆಗೆಯಲಾರದು. ಉರಿ ಕಷಾಯಗಳೆಲ್ಲ ಪರಮಾಣುವಿನ ಹೊರಗಿನ ಸಿಪ್ಪೆಯನ್ನು ಮುಟ್ಟುತ್ತವೆ. ಒಳಗಿನ ಬೀಜದ ತನಕ ಹೋಗುವುದಿಲ್ಲ. ಬೀಜವನ್ನು ಒಡೆಯುವ ಜಾಗಗಳು ಬೇರೆ. ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿ 2000ನೆಯ ಇಸವಿಯಿಂದ ಯುರೇನಿಯಂ ಪರಮಾಣುವಿನ ಬೀಜವನ್ನು ಒಡೆದು ವಿದ್ಯುತ್ ತೆಗೆಯುತ್ತಿದ್ದಾರೆ. ಅದಕ್ಕೆ ಎಂಥ ಗೋಡೆ, ಎಂಥ ಕಾವಲು ಬೇಕು ಎಂಬುದನ್ನು ತಾವು ಬಲ್ಲಿರಿ. ಆ ಕೆಲಸ ನಮ್ಮ ತಿಪ್ಪೆಗುಂಡಿಯಲ್ಲಿ ಆಗುವುದಿಲ್ಲ. ಎರೆಹುಳದ ಹೊಟ್ಟೆಯಲ್ಲೂ ಇಲ್ಲ, ಹಸುವಿನ ಹೊಟ್ಟೆಯಲ್ಲೂ ಇಲ್ಲ, ತೆಂಗಿನ ಬೇರಿನಲ್ಲೂ ಇಲ್ಲ.

ಬಾಂಧವರೆ, ಈಗ ತೋಟಕ್ಕೆ ಬರೋಣ. ಇಷ್ಟು ಹೊತ್ತು ಹೇಳಿದ್ದರಿಂದ ಮೂರು ಮಾತು ಕೈಗೆ ಬರುತ್ತವೆ. ಒಂದು, ಮೂಲವಸ್ತು ತೋಟದಲ್ಲಿ ಹೊಸದಾಗಿ ಹುಟ್ಟುವುದಿಲ್ಲ. ಎರಡು, ಅದು ನಾಶವಾಗುವುದೂ ಇಲ್ಲ. ಇಲ್ಲಿಂದ ಹೋದರೆ ಇನ್ನೆಲ್ಲೋ ಇರುತ್ತದೆ. ಮೂರು, ಒಂದರ ಬದಲು ಇನ್ನೊಂದು ಕೆಲಸಕ್ಕೆ ಬರುವುದಿಲ್ಲ. 19ಕ್ಕೂ 20ಕ್ಕೂ ಒಂದೇ ಅಂತರ ಎಂದು ಪೊಟ್ಯಾಷಿಯಂ ಬೇಕಾದ ಮರಕ್ಕೆ ಸುಣ್ಣ ಹಾಕಿದರೆ ಮರ ಒಪ್ಪುವುದಿಲ್ಲ.

ತೆಂಗಿನ ಮರ ಯಾವ ಮೂಲವಸ್ತುಗಳಿಂದ ಆಗಿದೆ? ಗಿಡಮರಗಳಿಗೆ ಬೇಕೇ ಬೇಕಾದವು 17 ಎಂದು ಲೆಕ್ಕ. ಅವುಗಳಲ್ಲಿ ಇಂಗಾಲ, ಜಲಜನಕ, ಆಮ್ಲಜನಕ ಈ ಮೂರು ಗಾಳಿಯಿಂದ ಮತ್ತು ನೀರಿನಿಂದ ಬರುತ್ತವೆ. ಉಳಿದ 14ನ್ನು ಬೇರು ಮಣ್ಣಿನಿಂದ ತರಬೇಕು. ಕೆಲವು ಹೆಚ್ಚಾಗಿ ಬೇಕು: ಸಾರಜನಕ, ರಂಜಕ, ಪೊಟ್ಯಾಷಿಯಂ, ಕ್ಯಾಲ್ಸಿಯಂ, ಮೆಗ್ನೀಷಿಯಂ, ಗಂಧಕ. ಕೆಲವು ಚಿಟಿಕೆಯಷ್ಟು ಸಾಕು: ಕಬ್ಬಿಣ, ಮ್ಯಾಂಗನೀಸ್, ಸತು, ತಾಮ್ರ, ಬೋರಾನ್ ಮುಂತಾದವು. ಚಿಕ್ಕನಾಯಕನಹಳ್ಳಿ ಕಡೆಯ ಗುಡ್ಡಗಳಲ್ಲಿ ಅಗೆಯುವ ಅದಿರಿನಲ್ಲಿರುವ ಮ್ಯಾಂಗನೀಸೂ, ತೆಂಗಿನ ಗರಿಯೊಳಗಿನ ಮ್ಯಾಂಗನೀಸೂ ಬೇರೆಯಲ್ಲ. ಎರಡರಲ್ಲೂ 25 ಪ್ರೋಟಾನ್.

ಇದರಲ್ಲಿ ನಮಗೆ ಒಂದು ಸಂತೋಷದ ಸಂಗತಿ ಇದೆ. ಕೊಬ್ಬರಿಯಲ್ಲಿ ಹೆಚ್ಚಿನ ಪಾಲು ಎಣ್ಣೆ. ಆ ಎಣ್ಣೆಯಲ್ಲಿ ಇರುವುದು ಯಾವುದು? ಇಂಗಾಲ, ಜಲಜನಕ, ಆಮ್ಲಜನಕ, ಇಷ್ಟೇ. ಅಂದರೆ ಎಣ್ಣೆ ಮಾರಿದವನು ಗಾಳಿ, ನೀರು, ಬಿಸಿಲನ್ನು ಮಾರಿದಂತೆ. ಮಣ್ಣಿನ ಗಂಟು ಅದರಲ್ಲಿ ಇಲ್ಲ. ಕೊಬ್ಬರಿಯ ಉಳಿದ ಭಾಗದಲ್ಲಿ ಸಾರಜನಕ, ರಂಜಕ ಒಂದಿಷ್ಟು ಹೋಗುತ್ತವೆ, ನಿಜ. ಆದರೆ ಕಾಯಿಯಲ್ಲಿರುವ ಪೊಟ್ಯಾಷಿಯಂನಲ್ಲಿ ದೊಡ್ಡ ಪಾಲು ಕೊಬ್ಬರಿಯಲ್ಲಿಲ್ಲ, ಸಿಪ್ಪೆಯಲ್ಲಿದೆ. ತೆಂಗು ಮಣ್ಣಿನಿಂದ ಎಲ್ಲಕ್ಕಿಂತ ಹೆಚ್ಚಾಗಿ ಎಳೆದುಕೊಳ್ಳುವ ವಸ್ತುಗಳಲ್ಲಿ ಪೊಟ್ಯಾಷಿಯಂ ಮೊದಲನೆಯದು.

ನಮ್ಮ ಹಿರಿಯರ ಉಂಡೆ ಕೊಬ್ಬರಿಯ ಪದ್ಧತಿಯನ್ನು ಈಗ ಯೋಚಿಸಿ ನೋಡಿ. ಇಡೀ ಕಾಯಿಯನ್ನು ಅಟ್ಟಕ್ಕೆ ಹಾಕಿ, ಮನೆಯಲ್ಲೇ ಸುಲಿದು, ಕೊಬ್ಬರಿಯನ್ನು ಮಾತ್ರ ಹೊರಗೆ ಕಳಿಸುವುದು. ಸಿಪ್ಪೆ ಮನೆಯಲ್ಲೇ ಉಳಿಯುತ್ತದೆ. ಹಿರಿಯರಿಗೆ ಪ್ರೋಟಾನಿನ ಲೆಕ್ಕ ಗೊತ್ತಿರಲಿಲ್ಲ. ಆದರೆ ತೋಟದ ಗಂಟು ಹೊಸಲು ದಾಟದಂಥ ವ್ಯಾಪಾರ ಅದು. ಸಿಪ್ಪೆ, ಬೂದಿ ತಿರುಗಿ ತೋಟಕ್ಕೆ ಹೋದರೆ ಲೆಕ್ಕ ಬಹುಮಟ್ಟಿಗೆ ಸರಿಹೋಗುತ್ತದೆ.

ಈಗ ಏನಾಗುತ್ತಿದೆ? ಎಳನೀರನ್ನು ಸಿಪ್ಪೆ ಸಮೇತ ಲಾರಿಗೆ ತುಂಬುತ್ತೇವೆ. ಒಣ ಸಿಪ್ಪೆಯನ್ನು ನಾರಿನ ಕಾರ್ಖಾನೆಗೆ ಲೋಡಿನ ಲೆಕ್ಕದಲ್ಲಿ ಕೊಡುತ್ತೇವೆ. ಮಾರಬೇಡಿ ಎಂದು ನಾನು ಹೇಳುವುದಿಲ್ಲ. ಮನೆಯ ಕಷ್ಟ ಸುಖ ತಮಗೆ ಗೊತ್ತು. ನಾರಿನ ಕೆಲಸದಿಂದ ಎಷ್ಟೋ ಜನಕ್ಕೆ ಕೂಲಿಯೂ ಸಿಕ್ಕುತ್ತದೆ. ಆದರೆ ಲೆಕ್ಕ ತಿಳಿದು ಮಾರಿ. ಸಿಪ್ಪೆಯ ಲಾರಿಯಲ್ಲಿ ಬರೀ ಕಸ ಹೋಗುತ್ತಿಲ್ಲ, ತೋಟದ ಪೊಟ್ಯಾಷ್ ಹೋಗುತ್ತಿದೆ. ಅದನ್ನು ತಿರುಗಿ ಕೊಂಡು ತರಬೇಕಾದದ್ದು ಗೊಬ್ಬರದ ಅಂಗಡಿಯಿಂದ. ಆ ಅಂಗಡಿಗೆ ಅದು ಬರುವುದು ಬಹುಮಟ್ಟಿಗೆ ಹಡಗಿನಲ್ಲಿ, ಹೊರದೇಶದ ಗಣಿಗಳಿಂದ. ಸಿಪ್ಪೆಗೆ ಬಂದ ಹಣದಲ್ಲಿ ಒಂದು ಪಾಲನ್ನು ಗೊಬ್ಬರಕ್ಕೆಂದು ತೆಗೆದಿಡದಿದ್ದರೆ ತೋಟ ಸಾಲಗಾರನಾಗುತ್ತದೆ. ಆ ಸಾಲ ಒಂದು ವರ್ಷದಲ್ಲಿ ಕಾಣುವುದಿಲ್ಲ. ಮಗನ ಕಾಲಕ್ಕೆ ಹೊಂಬಾಳೆ ಕಿರಿದಾಗುತ್ತದೆ, ಹರಳು ಉದುರುತ್ತದೆ, ಕೆಳಗಿನ ಗರಿಗಳು ತುದಿಯಿಂದ ಹಳದಿಯಾಗಿ ಸುಟ್ಟಂತೆ ಒಣಗುತ್ತವೆ. “ನಮ್ಮಪ್ಪನ ಕಾಲ್ದಲ್ಲಿ ಗೊನೆ ಹೆಂಗ್ ಇಳೀತಿತ್ತು, ಈಗ ನೋಡಿ” ಎಂದು ಮಳೆಯನ್ನೋ ಕಾಲವನ್ನೋ ಬೈಯುತ್ತೇವೆ. ಮಳೆಯೂ ಕಾರಣವಿರಬಹುದು, ರೋಗವೂ ಕಾರಣವಿರಬಹುದು. ಆದರೆ ಗಾಡಿಯಲ್ಲಿ ಹೋದ 19ನೆಯ ನಂಬರಿನ ಲೆಕ್ಕವನ್ನೂ ಒಮ್ಮೆ ತೆಗೆದು ನೋಡಬೇಕು.

ಎಷ್ಟು ಕೊಡಬೇಕು? ಫಲ ಬಿಡುವ ಒಂದು ತೆಂಗಿನ ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕಾಂಶ, 1,200 ಗ್ರಾಂ ಪೊಟ್ಯಾಷ್ ಎಂಬುದು ತೆಂಗಿನ ಸಂಶೋಧಕರ ಸಾಮಾನ್ಯ ಶಿಫಾರಸು. ಜೊತೆಗೆ ಕೊಟ್ಟಿಗೆ ಗೊಬ್ಬರ, ಹಸಿರೆಲೆ ಗೊಬ್ಬರ ಇದ್ದೇ ಇರಬೇಕು. ಅಂಗಡಿಯ ಗೊಬ್ಬರದ ಲೆಕ್ಕಕ್ಕೆ ತಂದರೆ ಸುಮಾರು ಒಂದು ಕಿಲೋ ನೂರು ಗ್ರಾಂ ಯೂರಿಯ, ಎರಡು ಕಿಲೋ ಸೂಪರ್ ಫಾಸ್ಫೇಟ್, ಎರಡು ಕಿಲೋ ಮ್ಯೂರಿಯೇಟ್ ಆಫ್ ಪೊಟ್ಯಾಷ್. ಮಳೆ ನಂಬಿದ ತೋಟದಲ್ಲಿ ಮೂರರಲ್ಲಿ ಒಂದು ಪಾಲನ್ನು ಮುಂಗಾರಿನ ಮೊದಲ ಹದಕ್ಕೆ, ಉಳಿದ ಎರಡು ಪಾಲನ್ನು ಸೆಪ್ಟೆಂಬರ್ ಅಕ್ಟೋಬರ್ ತಿಂಗಳ ಹದಕ್ಕೆ, ಬುಡದ ಸುತ್ತ ಪಾತಿಯಲ್ಲಿ ಹರಡಿ ಮಣ್ಣಿಗೆ ಬೆರೆಸತಕ್ಕದ್ದು.

ಚೀಲದ ಮೇಲಿನ ಅಂಕಿಗಳನ್ನೂ ತಿಳಿಯಿರಿ. ಪೊಟ್ಯಾಷ್ ಚೀಲದ ಮೇಲೆ 60 ಎಂದಿರುತ್ತದೆ. 50 ಕಿಲೋ ಚೀಲದಲ್ಲಿ 30 ಕಿಲೋ ‘ಪೊಟ್ಯಾಷ್’ ಎಂದು ಅದರ ಅರ್ಥ. ಆದರೆ ಈ ‘ಪೊಟ್ಯಾಷ್’ ಎಂಬುದು ಆಮ್ಲಜನಕವನ್ನೂ ಸೇರಿಸಿ ಹೇಳುವ ಹಳೆಯ ವ್ಯಾಪಾರದ ಲೆಕ್ಕ. ಪೊಟ್ಯಾಷಿಯಂ ಎಂಬ ಮೂಲವಸ್ತು ಇರುವುದು ಸುಮಾರು 25 ಕಿಲೋ. ಉಳಿದದ್ದು ಬಹುಪಾಲು ಕ್ಲೋರಿನ್. ಅದೂ ಮೋಸವಲ್ಲ, ಕ್ಲೋರಿನ್ ಕೂಡ ಆ 17ರಲ್ಲಿ ಒಂದು, ತೆಂಗಿಗೆ ಬೇಕಾದ್ದೇ. ಯೂರಿಯ ಚೀಲ 45 ಕಿಲೋ. ನೂರಕ್ಕೆ 46ರಂತೆ ಅದರಲ್ಲಿ ಸುಮಾರು 20 ಕಿಲೋ 700 ಗ್ರಾಂ ಸಾರಜನಕ. ಯೂರಿಯದಲ್ಲಿ ಪೊಟ್ಯಾಷಿಯಂ ಒಂದು ಗ್ರಾಂ ಕೂಡ ಇಲ್ಲ. ಕೈಗೆ ಸುಲಭ, ಬೆಲೆ ಕಡಿಮೆ ಎಂದು ಯೂರಿಯ ಒಂದನ್ನೇ ಸುರಿದರೆ ಗರಿ ಕಪ್ಪು ಹಸುರಾಗಿ ಕಾಣಬಹುದು. ಆದರೆ 7 ಪ್ರೋಟಾನಿನ ವಸ್ತು 19 ಪ್ರೋಟಾನಿನ ವಸ್ತುವಿನ ಕೆಲಸವನ್ನು ಮಾಡಲಾರದು.

“ಸ್ವಾಮಿ, ಒಂದು ಬಾಟ್ಲಿ ಔಷಧ ಬಂದೈತೆ. ಅದನ್ನ ಹಾಕಿದ್ರೆ ಮಣ್ಣೇ ಎಲ್ಲಾ ಪೋಷಕಾಂಶ ಹುಟ್ಟಿಸಿಕೊಳ್ತದಂತೆ” ಎಂದು ಕೇಳುವವರಿದ್ದಾರೆ. ಇಲ್ಲಿ ನ್ಯಾಯವಾಗಿ ಮಾತನಾಡಬೇಕು. ಮಣ್ಣಿನಲ್ಲಿ ಉಪಕಾರಿ ಜೀವಿಗಳಿರುವುದು ನಿಜ. ಹುರುಳಿ, ಅಲಸಂದೆ, ಅಪ್ಸೆಣಬು ಇವುಗಳ ಬೇರಿನ ಗಂಟಿನಲ್ಲಿರುವ ಜೀವಿಗಳು ಗಾಳಿಯಿಂದ ಸಾರಜನಕವನ್ನು ಹಿಡಿದು ಕೊಡುತ್ತವೆ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ. ಅವು ಅದನ್ನು ಹುಟ್ಟಿಸುವುದಿಲ್ಲ, ಹೊತ್ತು ತರುತ್ತವೆ. ಇನ್ನು ಕೆಲವು ಜೀವಿಗಳು ಮಣ್ಣಿನಲ್ಲಿ ಸಿಕ್ಕಿಕೊಂಡ ರಂಜಕವನ್ನು ಬಿಡಿಸಿ ಕೊಡುತ್ತವೆ. ಇದ್ದದ್ದನ್ನು ಬಿಡಿಸುತ್ತವೆ, ಇಲ್ಲದ್ದನ್ನು ಮಾಡುವುದಿಲ್ಲ. ಹಸುವಿನ ಸಗಣಿಯಲ್ಲಿರುವ ಪೊಟ್ಯಾಷಿಯಂ ಹಸು ಮೇದ ಮೇವಿನದು. ಮೇವು ಎಲ್ಲಿಂದ ಬಂದಿತೋ ಅಲ್ಲಿಂದ ಅದೂ ಬಂದಿತು. ಗಾಳಿಯಲ್ಲಿ ಪೊಟ್ಯಾಷಿಯಂ ಇಲ್ಲ. ಆದುದರಿಂದ ಬಾಟಲಿಯವನನ್ನು ಒಂದೇ ಪ್ರಶ್ನೆ ಕೇಳಿ: “ಇದರಲ್ಲಿ ಯಾವ ಮೂಲವಸ್ತು ಎಷ್ಟು ಗ್ರಾಂ ಇದೆಯಪ್ಪ?” 50 ಮರದ ತೋಟಕ್ಕೆ ವರ್ಷಕ್ಕೆ ಸುಮಾರು 50 ಕಿಲೋ ಪೊಟ್ಯಾಷಿಯಂ ಬೇಕು. ಒಂದು ಲೀಟರ್ ಬಾಟಲಿಯೊಳಗೆ 50 ಕಿಲೋ ಹಿಡಿಯುವುದಿಲ್ಲ. ಇಷ್ಟು ಲೆಕ್ಕಕ್ಕೆ ಯಾವ ಕಾಲೇಜೂ ಬೇಡ.

ಚಿಟಿಕೆಯಷ್ಟು ಬೇಕಾದವುಗಳ ಮಾತು ಬೇರೆ. ಎಳೆಯ ಗರಿ ಬಿಚ್ಚಿಕೊಳ್ಳದೆ, ಸುಕ್ಕುಗಟ್ಟಿ, ತುದಿ ಕೊಕ್ಕೆಯಂತೆ ಬಾಗಿದರೆ ಬೋರಾನ್ ಕೊರತೆ ಎಂದು ಅನುಮಾನಿಸಬೇಕು. ಅದಕ್ಕೆ ಮರವೊಂದಕ್ಕೆ 50 ಗ್ರಾಂ ಬೊರಾಕ್ಸನ್ನು ಮಣ್ಣಿಗೆ ಕೊಡುವುದು ರೂಢಿ. ಅದರಲ್ಲಿರುವ ಬೋರಾನ್ ಆರು ಗ್ರಾಂಗೂ ಕಡಿಮೆ, ಆದರೂ ಮರ ಚೇತರಿಸಿಕೊಳ್ಳುತ್ತದೆ. ಹೆಚ್ಚು ಹಾಕಿದರೆ ವಿಷವಾದೀತು, ಎಚ್ಚರಿಕೆ.

ಇನ್ನು ನಾವು ಮನೆಯಲ್ಲಿ ಮಾಡಬಹುದಾದ ಕೆಲಸ. ಇದರಲ್ಲಿ ಹೆಣ್ಣುಮಕ್ಕಳ ಪಾಲು ದೊಡ್ಡದು, ಏಕೆಂದರೆ ಒಲೆ ಅವರ ಕೈಯಲ್ಲಿದೆ.

ಮೊದಲನೆಯದು ಬೂದಿ. ಸಿಪ್ಪೆ ಉರಿದಾಗ ಇಂಗಾಲವೂ ಸಾರಜನಕವೂ ಹೊಗೆಯೊಡನೆ ಗಾಳಿಗೆ ಹೋಗುತ್ತವೆ. ಪೊಟ್ಯಾಷಿಯಂ, ಕ್ಯಾಲ್ಸಿಯಂ, ಮೆಗ್ನೀಷಿಯಂ, ರಂಜಕ ಬೂದಿಯಲ್ಲಿ ನಿಲ್ಲುತ್ತವೆ. ಉರಿ ಅವನ್ನು ಸುಡಲಾರದು. ಆದರೆ ನೀರು ಕದಿಯಬಲ್ಲದು! ಬೂದಿಯೊಳಗಿನ ಪೊಟ್ಯಾಷ್ ಉಪ್ಪು ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಅದಕ್ಕೇ ಯೂರೋಪಿನವರು ಬೂದಿಗೆ ನೀರು ಹಾಕಿ ತೆಗೆದದ್ದು. ಬಯಲಿನಲ್ಲಿ ಬಿದ್ದ ಬೂದಿಗುಡ್ಡೆಯ ಮೇಲೆ ನಾಲ್ಕು ಮಳೆ ಸುರಿದರೆ ಸಾರವೆಲ್ಲ ಚರಂಡಿಗೆ ಹೋಗಿ ಕಾಲಿಗೆ ಹತ್ತುವ ಪುಡಿ ಮಾತ್ರ ಉಳಿಯುತ್ತದೆ. ಆದುದರಿಂದ ಬೂದಿಯನ್ನು ಚೆನ್ನಾಗಿ ಆರಿಸಿ, ಒಂದು ಡಬ್ಬಿಯಲ್ಲೋ ಹಳೆಯ ವಾಡೆಯಲ್ಲೋ ತುಂಬಿ, ಸೂರಿನ ಕೆಳಗೆ ಇಡಿ. ಹದವಾದಾಗ ತೆಂಗಿನ ಪಾತಿಗೆ ತೆಳುವಾಗಿ ಎರಚಿ ಮಣ್ಣಿಗೆ ಸೇರಿಸಿ. ಪ್ಲಾಸ್ಟಿಕ್, ಬಣ್ಣದ ಕಾಗದ ಉರಿಸಿದ ಬೂದಿ ತೋಟಕ್ಕೆ ಬೇಡ.

ಎರಡು ಎಚ್ಚರಿಕೆ. ಬೂದಿಯನ್ನು ಯೂರಿಯದೊಡನೆಯೂ ಹಸಿ ಗೊಬ್ಬರದೊಡನೆಯೂ ಬೆರೆಸಬೇಡಿ. ಬೂದಿಯ ಕ್ಷಾರಕ್ಕೆ ಸಾರಜನಕ ಅಮೋನಿಯಾ ವಾಯುವಾಗಿ ಹಾರಿಹೋಗುತ್ತದೆ. ಚೌಳು ಹಿಡಿದ ನೆಲಕ್ಕೆ ಬೂದಿ ಹಾಕಬೇಡಿ, ಚೌಳು ಹೆಚ್ಚುತ್ತದೆ. ಹಿಂದೆ ಬಟ್ಟೆ ಒಗೆಯಲು ಬೂದಿ ನೀರನ್ನೂ ಬಳಸುತ್ತಿದ್ದರು, ಚೌಳು ಮಣ್ಣನ್ನೂ ಬಳಸುತ್ತಿದ್ದರು. ಕೊಳೆ ತೆಗೆಯುವುದರಲ್ಲಿ ಎರಡೂ ಒಂದೇ. ಆದರೆ ಬೂದಿಯಲ್ಲಿರುವುದು ಪೊಟ್ಯಾಷಿಯಂ, ಚೌಳಿನಲ್ಲಿರುವುದು ಸೋಡಿಯಂ. ಬಟ್ಟೆಗೆ ಭೇದವಿಲ್ಲ, ಬೇರಿಗೆ ಭೇದವಿದೆ.

ಎರಡನೆಯದು ಸಿಪ್ಪೆ. ಒಲೆಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ತೋಟಕ್ಕೇ ಹೂಳುವುದು ಇನ್ನೂ ಮೇಲು. ಬುಡದಿಂದ ಸುಮಾರು 2 ಮೀಟರ್ ದೂರದಲ್ಲಿ ಅರ್ಧ ಮೀಟರ್ ಆಳದ ಗುಂಡಿ ತೋಡಿ, ಸಿಪ್ಪೆಯ ಒಳಮೈ ಮೇಲಾಗಿರುವಂತೆ ಪದರ ಪದರವಾಗಿ ಜೋಡಿಸಿ, ಮಣ್ಣು ಮುಚ್ಚಿ. ಮಳೆಗಾಲಕ್ಕೆ ಮುಂಚೆ ಈ ಕೆಲಸ ಮುಗಿಯಬೇಕು. ಸಿಪ್ಪೆ ಮಳೆ ನೀರನ್ನು ಕುಡಿದು ಹಿಡಿದಿಟ್ಟುಕೊಂಡು ಬೇಸಗೆಯಲ್ಲಿ ಬೇರಿಗೆ ಕೊಡುತ್ತದೆ, ಪೊಟ್ಯಾಷಿಯಮ್ಮನ್ನೂ ಕೊಡುತ್ತದೆ. ಒಮ್ಮೆ ಹೂಳಿದರೆ ಐದಾರು ವರ್ಷ ಅದರ ಗುಣ ಇರುತ್ತದೆ. ಬಿದ್ದ ಸೋಗೆಯನ್ನೂ ತೋಟದಲ್ಲೇ ಕೊಳೆಯಲು ಬಿಡಿ; ಅದರ ಸಾರಜನಕವೂ ಉಳಿಯುತ್ತದೆ.

ಮೂರನೆಯದು ಮಣ್ಣಿನ ಪರೀಕ್ಷೆ. 2015ರಿಂದ ಕೊಡುತ್ತಿರುವ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿರುತ್ತವೆ. ಹುಳಿ ಚೌಳಿನ ಅಳತೆ, ಉಪ್ಪಿನ ಅಳತೆ, ಸಾವಯವ ಇಂಗಾಲ ಇವು ಮೂರು. ಮಿಕ್ಕ ಒಂಬತ್ತೂ ಮೂಲವಸ್ತುಗಳ ಹೆಸರೇ: ಸಾರಜನಕ, ರಂಜಕ, ಪೊಟ್ಯಾಷಿಯಂ, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಈ ಚೀಟಿಯನ್ನು ತೊಲೆಗೆ ಸಿಕ್ಕಿಸಿ ಮರೆಯಬೇಡಿ. ಸಾಲದ ಪತ್ರ ಓದುವಷ್ಟು ಜಾಗರೂಕತೆಯಿಂದ ಓದಿ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಗುವಿನ ಕೈಯಲ್ಲಿ ಓದಿಸಿ. ಅರ್ಥವಾಗದಿದ್ದರೆ ತಿಪಟೂರು ತಾಲ್ಲೂಕು ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ. ನಾನು ಹೇಳಿದ ಗೊಬ್ಬರದ ಲೆಕ್ಕ ಸಾಮಾನ್ಯದ್ದು; ತಮ್ಮ ತೋಟದ ಲೆಕ್ಕವನ್ನು ತಮ್ಮ ಮಣ್ಣೇ ಹೇಳಬೇಕು.

ಬಾಂಧವರೆ, ಅಜ್ಜಿಯ ಚಿನ್ನವನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತೇವೆ. ಅದು 79 ಪ್ರೋಟಾನಿನ ವಸ್ತು. ತಾನಾಗಿ ಹುಟ್ಟುವುದಿಲ್ಲ, ಕಳೆದರೆ ತಿರುಗಿ ಬರುವುದಿಲ್ಲ ಎಂದು ನಮಗೆ ಗೊತ್ತು. ಬೂದಿಯೊಳಗಿನ 19 ಪ್ರೋಟಾನಿನ ವಸ್ತುವೂ ಅದೇ ಜಾತಿಯದು. ಅದೂ ತಾನಾಗಿ ಹುಟ್ಟುವುದಿಲ್ಲ. ಅದಕ್ಕೆ ಬೀಗ ಬೇಡ. ಮಳೆಗೆ ನೆನೆಯದ ಒಂದು ಡಬ್ಬಿ ಸಾಕು. ನಾಳೆ ಬೆಳಗ್ಗೆ ಹಂಡೆ ಒಲೆಯ ಬೂದಿ ತೆಗೆಯುವಾಗ ಈ ಮಾತು ನೆನಪಿರಲಿ.